ದನಿ ಬದಲಾಗಿದೆ ಎಂಬ ದೂರು

ರಿಪೇರಿ ಅಂಗಡಿಯವನನ್ನು ಯಾರೂ ಪೂರ್ತಿ ನಂಬುವುದಿಲ್ಲ. ಪಾಂಡವಪುರದಲ್ಲಿ ಟೇಪ್ ರೆಕಾರ್ಡರು, ಆಂಪ್ಲಿಫೈಯರು, ಸ್ಪೀಕರು ಬಿಚ್ಚುತ್ತಲೇ ತಲೆ ನರೆಸಿಕೊಂಡ ನನಗೆ ಇದು ಹೊಸದೇನಲ್ಲ. ಸಾಮಾನು ಕೈಗೆ ಕೊಡುವ ಮೊದಲು ಒಬ್ಬರು ಎಲ್ಲ ಕಡೆಯಿಂದ ಫೋಟೋ ಹೊಡೆದುಕೊಳ್ಳುತ್ತಾರೆ. ಇನ್ನೊಬ್ಬರು ತಳದಲ್ಲಿ ಮೊಳೆಯಿಂದ ಗೀಚಿ ಗುರುತು ಮಾಡುತ್ತಾರೆ. ಮತ್ತೊಬ್ಬರು ಹೆಂಡತಿಯ ನೈಲ್ ಪಾಲಿಶ್ ತಂದು ಸ್ಕ್ರೂ ತಲೆಗೆಲ್ಲ ಬೊಟ್ಟಿಡುತ್ತಾರೆ. ಒರಿಜಿನಲ್ ತೆಗೆದು ಡೂಪ್ಲಿಕೇಟ್ ಹಾಕಿಬಿಡುತ್ತಾನೆ ಎಂಬ ಭಯ. ನಾನೂ ಗಿರಾಕಿಗಳನ್ನು ಅಷ್ಟೇನೂ ನಂಬುವವನಲ್ಲ. ತಾನಾಗೇ ಕೆಟ್ಟುಹೋಯಿತು ಎಂದು ಆಣೆ ಇಡುವವರ ಸೆಟ್ಟಿನ ಒಳಗೆ ಕಾಫಿ ಕಲೆ ನೋಡಿದವನು ನಾನು. ಹೀಗೆ ಒಬ್ಬರನ್ನೊಬ್ಬರು ಅನುಮಾನಿಸಿಕೊಂಡೇ ವ್ಯಾಪಾರ ನೆಟ್ಟಗೆ ನಡೆದಿತ್ತು, ಗೌಡರ ಆಂಪ್ಲಿಫೈಯರ್ ನನ್ನ ಮೇಜಿಗೆ ಬರುವ ತನಕ.

ಗೌಡರು ಕೆ.ಆರ್. ಪೇಟೆ ತಾಲ್ಲೂಕಿನವರು, ಸಂತೆಬಾಚಹಳ್ಳಿ ಕಡೆಯ ಒಂದು ಹಳ್ಳಿಯ ಹಳೇ ಮನೆತನ. ಗದ್ದೆ, ಹೊಲ, ಕೊಟ್ಟಿಗೆ ತುಂಬ ಸೀಮೆ ಹಸು. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ನಡುಮನೆಯಲ್ಲಿ ಕುರ್ಚಿ ಎಳೆದುಕೊಂಡು, ಕಣ್ಣು ಮುಚ್ಚಿ, ಕಪ್ಪು ರೆಕಾರ್ಡು ಹಾಕಿ ಹಾಡು ಕೇಳುವುದು ಅವರ ಚಟ. ಆಗ ಯಾರಾದರೂ ಮಾತಾಡಿಸಿದರೆ ಮುಖ ಗಂಟು. ಅವರದು ವಾಲ್ವ್ ಆಂಪ್ಲಿಫೈಯರ್, ಒಳಗೆ ಗಾಜಿನ ಬುರುಡೆಗಳು ಕೆಂಪಗೆ ಬೆಳಗುವ ಹಳೆಯ ಕಾಲದ್ದು.

ಇಂಥವರನ್ನೆಲ್ಲ ಸೇರಿಸಿ ಶ್ರೀರಂಗಪಟ್ಟಣದ ಹಲ್ಲಿನ ಡಾಕ್ಟರೊಬ್ಬರು ವಾಟ್ಸಾಪ್ ಗುಂಪು ಮಾಡಿದ್ದರು. ತಮ್ಮನ್ನು ಆಡಿಯೋಫೈಲುಗಳು ಎಂದು ಕರೆದುಕೊಳ್ಳುತ್ತಿದ್ದರು. ದನಿ ಶುದ್ಧವಾಗಿ ಕೇಳಬೇಕೆಂದು ಮನೆ ಮಠ ಮರೆಯುವವರು ಎಂದು ಇಟ್ಟುಕೊಳ್ಳಿ. ಇವರು ಹಾಡಿಗಿಂತ ವೈರಿನ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ ಎಂಬುದು ನನ್ನ ತಕರಾರು. ಗುಂಪಿನ ಅರ್ಧ ಜನ ನನ್ನ ಗಿರಾಕಿಗಳೇ ಆಗಿದ್ದರೂ ನನ್ನನ್ನು ಅದಕ್ಕೆ ಸೇರಿಸಿರಲಿಲ್ಲ. ಯಾಕೆ ಸೇರಿಸಿಲ್ಲ, ನನ್ನ ಬೆನ್ನ ಹಿಂದೆ ಏನು ಆಡಿಕೊಳ್ಳುತ್ತಾರೆ ಎಂಬ ಯೋಚನೆ ನನಗೆ ಆಗಾಗ ಬರುತ್ತಿತ್ತು.

ಗೌಡರ ಸೆಟ್ಟಿನ ಕಾಯಿಲೆ ಸಾಮಾನ್ಯವಾದದ್ದು. ಎಡಗಡೆ ಸ್ಪೀಕರಿನಲ್ಲಿ ಗುಂಯ್ ಸದ್ದು, ನಡುನಡುವೆ ಚಟಪಟ. ಕೈಗೆ ಕೊಡುವಾಗ ಮಗುವನ್ನು ಕೊಟ್ಟಂತೆ ಕೊಟ್ಟರು.

"ಸಾಬ್ರೇ, ಊರೂರು ಸುತ್ತಿ ಹುಡ್ಕಿ ತಂದದ್ದು ಇದು. ಒಳಗಿರೋ ಒಂದ್ ಮೊಳೇನೂ ಬದ್ಲಾಯಿಸ್ಬ್ಯಾಡಿ. ಬದ್ಲಾಯಿಸ್ಲೇಬೇಕು ಅಂದ್ರೆ ಮದ್ಲು ನಂಗೊಂದು ಫೋನ್ ಮಾಡಿ."

"ಆಯ್ತು ಗೌಡ್ರೇ. ತೆಗೆದಿದ್ದೆಲ್ಲಾ ಕವರಿಗೆ ಹಾಕಿ ವಾಪಸ್ ಕೊಡ್ತೀನಿ" ಎಂದೆ.

ಮುಚ್ಚಳ ತೆಗೆದರೆ ಒಳಗೆ ಪೂಜೆ ಮುಗಿದ ಗುಡಿಯಂತಿತ್ತು. ಆಯುಧ ಪೂಜೆಯ ದಿನ ಟ್ರಾಕ್ಟರು, ಕುಡುಗೋಲು, ಹಾಲು ಕರೆಯುವ ಮೆಷೀನಿನ ಜೊತೆಗೆ ಇದಕ್ಕೂ ಪೂಜೆಯಾಗುತ್ತಿತ್ತೆಂದು ಕಾಣುತ್ತದೆ. ಎರಡೂ ಟ್ರಾನ್ಸ್‌ಫಾರ್ಮರಿನ ತಲೆಯ ಮೇಲೆ ಗಂಧ, ಅದರ ಮೇಲೆ ಕುಂಕುಮ, ಮತ್ತೆ ಗಂಧ, ಮತ್ತೆ ಕುಂಕುಮ. ಅದು ಇಳಿದು ಇಳಿದು ವೈರು ಬೆಸೆದ ಜಾಗದವರೆಗೂ ಬಂದಿತ್ತು. ಥಂಡಿ ಹಿಡಿದಾಗ ಕರೆಂಟು ಅದರ ಮೇಲೆ ಹರಿದಾಡಿ ಚಟಪಟ ಎನ್ನುತ್ತಿದ್ದುದು ಇದೇ ಕಾರಣಕ್ಕೆ. ಗುಂಯ್ ಸದ್ದಿಗೆ ಒಣಗಿದ ಕಂಡೆನ್ಸರುಗಳು ಕಾರಣ.

ವಾಲ್ವ್ ಸೆಟ್ಟಿನಲ್ಲಿ ಆತುರ ಮಾಡುವಂತಿಲ್ಲ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಕರೆಂಟು ಅಡಗಿ ಕೂತಿರುತ್ತದೆ, ಎತ್ತಿ ಎಸೆದುಬಿಡುತ್ತದೆ. ಅದನ್ನು ಮೊದಲು ಇಳಿಸಿದೆ. ಗೌಡರಿಗೆ ಫೋನ್ ಮಾಡಿ ಒಪ್ಪಿಗೆ ತೆಗೆದುಕೊಂಡು ಕಂಡೆನ್ಸರುಗಳನ್ನು ಬದಲಾಯಿಸಿದೆ. ವಾಲ್ವಿನ ಕಾಲುಗಳನ್ನೂ ಅವು ಕೂರುವ ತೂತುಗಳನ್ನೂ ಉಜ್ಜಿದೆ. ಆಮೇಲೆ ಬ್ರಷ್ಷು, ಸ್ಪಿರಿಟ್ಟು ಹಿಡಿದು ಗಂಧ ಕುಂಕುಮವನ್ನು ಒರೆಸಲು ಕೂತೆ. ಕೈ ಒಂದು ಗಳಿಗೆ ತಡೆಯಿತು. ಕುಂಕುಮ ಅವರದು, ಒರೆಸುತ್ತಿರುವುದು ಸಾಬರ ಕೈ. ಹೇಳಿ ಒರೆಸಿದರೆ ಒಂದು ಅರ್ಥ ಬಂದೀತು, ಹೇಳದೆ ಒರೆಸಿದರೆ ಇನ್ನೊಂದು. ಒರೆಸದೆ ಬಿಟ್ಟರೆ ಚಟಪಟ ನಿಲ್ಲುವುದಿಲ್ಲ. ಒರೆಸಿದೆ.

ಸೆಟ್ಟನ್ನು ಸೀರೀಸ್ ಬಲ್ಬಿನ ಬೋರ್ಡಿಗೆ ಹಾಕಿ ನಿಧಾನವಾಗಿ ಕರೆಂಟು ಕೊಟ್ಟೆ. ಬಲ್ಬು ಮೊದಲು ಜೋರಾಗಿ ಉರಿದು ಆಮೇಲೆ ಮಂಕಾಯಿತು. ಒಳಗೆ ಎಲ್ಲೂ ಶಾರ್ಟ್ ಇಲ್ಲವೆಂದು ಲೆಕ್ಕ. ಅಂಗಡಿಯ ಸ್ಪೀಕರಿಗೆ ಕೊಟ್ಟು ಮಧ್ಯಾಹ್ನವೆಲ್ಲ ಹಾಡಿಸಿದೆ. ಗುಂಯ್ ಇಲ್ಲ, ಚಟಪಟ ಇಲ್ಲ, ದನಿ ನೀರಿನಷ್ಟು ತಿಳಿ. ಅದನ್ನು ವಾಪಸ್ ಕೊಡಲು ನನಗೇ ಮನಸ್ಸಾಗಲಿಲ್ಲ. ಹಳೆಯ ಕಂಡೆನ್ಸರುಗಳನ್ನು ಕವರಿನಲ್ಲಿ ಕಟ್ಟಿ, "ಒಳಗೆಲ್ಲಾ ಕ್ಲೀನ್ ಮಾಡಿದೀನಿ ಗೌಡ್ರೇ" ಎಂದಷ್ಟೇ ಹೇಳಿ ಒಪ್ಪಿಸಿದೆ.

ವಾರ ಕಳೆಯುವ ಮುಂಚೆ ಫೋನ್ ಬಂತು.

"ಏನ್ ಮಾಡ್ಬುಟ್ರಿ ಸಾಬ್ರೇ?"

"ಯಾಕೆ ಗೌಡ್ರೇ, ಮತ್ತೆ ಗುಂಯ್ ಅಂತಾ?"

"ಗುಂಯ್ ಓಯ್ತು. ಅದ್ರ ಜತೆಗೆ ಜೀವಾನೂ ಓಯ್ತು. ಮದ್ಲು ಹಾಡೋರು ನನ್ನೆದ್ರುಗೇ ಕುಂತಂಗಿರೋದು. ಕೈ ಚಾಚಿದ್ರೆ ಸಿಗೋರು. ಈಗ ಬಾವಿಯೊಳಕ್ಕೆ ಇಳ್ದು ಹಾಡ್ದಂಗದೆ. ಮೃದಂಗ ಡಂಗುಡಂಗು ಅಂತದೆ."

ಹೊಸ ಕಂಡೆನ್ಸರ್ ಪಳಗಬೇಕು, ನಾಲ್ಕು ದಿನ ಹಾಡಿಸಿ, ಸರಿಹೋಗುತ್ತದೆ ಎಂದೆ. ಸುಳ್ಳೇನಲ್ಲ, ಆದರೆ ಈ ಕಸುಬಿನವರೆಲ್ಲ ಗಿರಾಕಿಯನ್ನು ಸಾಗಹಾಕಲು ಹೇಳುವ ಮಾತೂ ಅದೇ. ಇವರಿಗೆ ಕಿವಿಗಿಂತ ಅನುಮಾನಕ್ಕೇ ಹೆಚ್ಚು ಕೇಳಿಸುತ್ತದೆ ಎಂದು ಒಳಗೊಳಗೇ ಬೈದುಕೊಂಡು ಫೋನ್ ಇಟ್ಟೆ.

ಆಮೇಲೊಂದು ದಿನ ನಾಗಮಂಗಲದ ಬಟ್ಟೆ ಅಂಗಡಿಯವರು ಬಂದರು. ಅವರ ಟೇಪ್ ಡೆಕ್ಕು ನನ್ನ ಶೆಲ್ಫಿನಲ್ಲಿ ಸರದಿ ಕಾಯುತ್ತಿತ್ತು. ಯಾವಾಗಲೂ ಸ್ಟೂಲು ಎಳೆದುಕೊಂಡು ಹರಟೆ ಹೊಡೆಯುವವರು ಅವತ್ತು ನಿಂತೇ ಇದ್ದರು.

"ಅದನ್ನ ಹಂಗೇ ಕೊಟ್ಬುಡಿ ಭಾಯಿ. ರಿಪೇರಿ ಸದ್ಯಕ್ಕೆ ಬ್ಯಾಡ."

"ಯಾಕಣ್ಣಾ? ನಾಳೆ ಕೈಗೆ ತಗೊಳ್ಳೋದಿತ್ತು."

ಅವರು ಮುಖ ತಿರುಗಿಸಿದರು. ನಾನು ಬಿಡಲಿಲ್ಲ. ಕೊನೆಗೆ ಸಂಕೋಚದಿಂದಲೇ ಫೋನ್ ತೆಗೆದು ಗುಂಪಿಗೆ ಬಂದಿದ್ದ ಧ್ವನಿ ಸಂದೇಶ ಹಾಕಿದರು. ಗೌಡರ ದನಿ. "ಪಾಂಡವಪುರದಲ್ಲಿ ರಿಪೇರಿಗೆ ಕೊಟ್ಟಿರೋರು ವಸಿ ಉಸಾರಾಗಿರಿ. ನಂದು ಒಳಗಿನ ಮಾಲೇ ಬದ್ಲಾಗಿ ಬಂದದೆ."

ಹೆಸರು ಹೇಳಿರಲಿಲ್ಲ. ಪಾಂಡವಪುರದಲ್ಲಿ ವಾಲ್ವ್ ಸೆಟ್ಟು ಬಿಚ್ಚುವವನು ನಾನೊಬ್ಬನೇ ಆಗಿರುವಾಗ ಹೆಸರು ಯಾಕೆ ಬೇಕು? ಅಪ್ಪ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಜಾಗದಲ್ಲೇ ಕೂತು ಸಂಪಾದಿಸಿದ ಹೆಸರು ಅದು. ಆಮೇಲೆ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಸಾಮಾನು ತೆಗೆದುಕೊಂಡು ಹೋದರು. ಶೆಲ್ಫು ಖಾಲಿ ಖಾಲಿ ಕಾಣತೊಡಗಿತು. ಮನೆಯಲ್ಲಿ ಹೆಂಡತಿ, "ಛೋಡೋ ಜೀ, ಬಿಟ್ಟಾಕಿ ಇದನ್ನ. ಮಿಕ್ಸಿ, ಫ್ಯಾನು ರಿಪೇರಿ ಮಾಡ್ಕೊಂಡಿರಿ. ಅದರ ಮುಂದೆ ಯಾರೂ ಕಣ್ಣು ಮುಚ್ಕೊಂಡು ಕೂರಲ್ಲ" ಎಂದಳು. ನಗು ಬರಲಿಲ್ಲ.

ಗೌಡರು ತಾವೇ ಆಂಪ್ಲಿಫೈಯರ್ ಹೊತ್ತುಕೊಂಡು ಅಂಗಡಿಗೆ ಬಂದರು. ಬಂದವರೇ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಸ್ಕ್ರೂಗಳನ್ನು ಮನೆಯಲ್ಲೇ ಬಿಚ್ಚಿ ತಂದಿದ್ದರು.

"ಕುಂಕುಮ ಎಲ್ಲೋಯ್ತು?"

"ನಾನೇ ಒರೆಸ್ದೆ ಗೌಡ್ರೇ. ಗಂಧ ಇಳ್ದು ವೈರ್ ಬುಡಕ್ಕೆ ಬಂದಿತ್ತು. ಅದಕ್ಕೇ ಚಟಪಟ ಅಂತಿದ್ದಿದ್ದು."

"ಒರೆಸ್ದೆ ಅಂತ ಇವತ್ತು ಏಳ್ತಾ ಇದ್ದೀಯ. ಅವತ್ತು ಯಾಕ್ ಏಳ್ನಿಲ್ಲ? ಇದು ನನ್ನ ಟ್ರಾನ್ಸ್‌ಫಾರ್ಮರೇ ಅಂತ ನಾನೆಂಗೆ ನಂಬ್ಲಿ? ನಂದಕ್ಕೆ ಕುಂಕುಮ ಇತ್ತು."

'ನೀವು' ಹೋಗಿ 'ನೀನು' ಬಂದಿತ್ತು. ಕುಂಕುಮ ಅವರ ಭಕ್ತಿ ಮಾತ್ರವಲ್ಲ, ಅವರ ನೈಲ್ ಪಾಲಿಶ್ ಕೂಡ ಎಂದು ಆಗ ಹೊಳೆಯಿತು. ಅವರ ಗುರುತನ್ನು ನನ್ನ ಕೈಯಾರೆ ಅಳಿಸಿದ್ದೆ. ಟ್ರಾನ್ಸ್‌ಫಾರ್ಮರಿನ ಮೂಲೆಯಲ್ಲಿ ಒರೆಸದೆ ಉಳಿದಿದ್ದ ಕೆಂಪು ಗೆರೆ ತೋರಿಸಿದೆ. ಅದನ್ನು ನೋಡಿದರು, ಉಗುರಿನಿಂದ ಕೆರೆದರು, ಮೂಸಿದರು.

"ಇದನ್ನ ನೀನೂ ಇಕ್ಕಿರ್ಬೌದು" ಎಂದರು. ಆಮೇಲೆ ತಾವೇ ದೊಡ್ಡ ಮನಸ್ಸು ಮಾಡಿದವರಂತೆ, "ನೋಡು, ನಂಗೂ ಜಗಳ ಬ್ಯಾಡ. ನಮ್ ದೇವ್ರು ಬ್ಯಾಡ, ನಿಮ್ಮ ದರ್ಗಾದಲ್ಲೇ ಆಣೆ ಮಾಡು. ಮುಟ್ಟಿಲ್ಲ ಅಂತ ಒಂದ್ ಮಾತು. ಅಲ್ಲಿಗೆ ಮುಗುಸ್ಬುಡ್ತೀನಿ" ಎಂದರು.

ನಮ್ಮ ಕಡೆ ಎಷ್ಟೋ ಜಗಳ ಹೀಗೇ ಮುಗಿಯುವುದು. ನನ್ನ ಮನಸ್ಸಾಕ್ಷಿ ಸ್ವಚ್ಛವಾಗಿತ್ತು, ಆಣೆ ಮಾಡಲು ಅಡ್ಡಿ ಇರಲಿಲ್ಲ. ಸ್ಕೂಟರ್ ಹತ್ತಿ ಹೋಗಿ ಬಂದರೆ ಮುಗಿಯಿತು. ಹೇಳಿಬಿಡೋಣ ಎಂದು ಬಾಯಿ ತೆರೆದವನು ಅವರ ಮುಖ ನೋಡಿ ತಡೆದೆ. ಮೋಸ ಹೋದ ಸಿಟ್ಟು ಅಲ್ಲಿ ಇರಲಿಲ್ಲ. ಬಹಳ ದಿನದಿಂದ ಜೊತೆಗಿದ್ದವರು ಯಾರೋ ಹೇಳದೆ ಎದ್ದುಹೋದಂಥ ಮುಖ ಅದು. ಇಷ್ಟು ದಿನ ಇವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಭ್ರಮೆ ಎಂದುಕೊಂಡಿದ್ದೆ. ಇವರ ಕಿವಿಗೆ ಏನೋ ನಿಜವಾಗಿಯೇ ಕೇಳಿಸುತ್ತಿರಬಹುದು ಎಂದು ಒಂದು ಸಲವೂ ಯೋಚಿಸಿರಲಿಲ್ಲ.

"ಆಣೆ ಮಾಡಲ್ಲ ಗೌಡ್ರೇ."

"ನೋಡ್ದಾ, ನಂಗೊತ್ತಿತ್ತು."

"ಪೂರಾ ಕೇಳಿ. ಆಣೆ ಮಾಡಿದ್ರೆ ನೀವು ನನ್ನ ನಂಬ್ತೀರಿ. ಮನೆಗೋಗಿ ರೆಕಾರ್ಡ್ ಹಾಕಿದ್ರೆ ದನಿ ಅಂಗೇ ಇರ್ತದೆ. ಆಗ ಏನ್ಮಾಡ್ತೀರಿ? ಇನ್ನೊಂದು ಆಣೆ ಹಾಕಿಸ್ತೀರಾ? ಇದನ್ನ ನಾನು ಮತ್ತೆ ಬಿಚ್ಚೋದೂ ಇಲ್ಲ. ನೀವು ಕೂರೋ ಕುರ್ಚೀಲಿ ಕೂತು, ನಿಮ್ಮ ಮನೇಲಿ ನಾನು ಕೇಳ್ಬೇಕು. ಹಲ್ಲಿನ ಡಾಕ್ಟ್ರನ್ನೂ ಕರೀತೀನಿ, ಅವ್ರ ಆಂಪ್ಲಿಫೈಯರ್ ತರ್ಲಿ. ಅದಕ್ಕೆ ನಾನು ಯಾವತ್ತೂ ಕೈ ಹಾಕಿಲ್ಲ."

ಇದರಲ್ಲಿ ಏನು ಮಸಲತ್ತಿದೆ ಎಂದು ಗೌಡರು ಹುಡುಕುತ್ತಿದ್ದುದು ಅವರ ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. "ಬಾ, ನೋಡನ" ಎಂದು ಸೆಟ್ಟು ಎತ್ತಿಕೊಂಡು ಹೋದರು.

ಡಾಕ್ಟರನ್ನು ಕರೆಯುವುದು ನನಗೇನು ಖುಷಿಯ ಕೆಲಸವಾಗಿರಲಿಲ್ಲ. ಗೌಡರ ಸೆಟ್ಟು ನನ್ನ ಮೇಜಿನ ಮೇಲಿದ್ದಾಗ ಅವರು ಒಮ್ಮೆ ಬಂದು, ಇದನ್ನು ಮಾರಿದರೆ ಎಷ್ಟು ಬಂದೀತು ಎಂದು ವಿಚಾರಿಸಿದ್ದರು. ಹಾಳಾಗಿದೆ ಎಂದು ಸುದ್ದಿ ಹಬ್ಬಿಸಿ, ಗೌಡರಿಗೆ ಬೇಸರ ಹುಟ್ಟಿಸಿ, ಅಗ್ಗಕ್ಕೆ ಹೊಡೆದುಕೊಳ್ಳುವ ಹುನ್ನಾರ ಇವರದೇ ಇರಬೇಕು ಎಂಬುದು ನನ್ನ ಲೆಕ್ಕಾಚಾರ. ಫೋನ್ ಮಾಡಿದರೆ, "ಭಾನುವಾರ ಬರ್ತೀನಿ ಭಾಯಿ, ಖಂಡಿತ ಬರ್ತೀನಿ" ಎಂದರು. ಇಷ್ಟು ಸುಲಭಕ್ಕೆ ಒಪ್ಪಿದ್ದರಿಂದ ಅನುಮಾನ ಇನ್ನೂ ಜಾಸ್ತಿಯಾಯಿತು.

ಭಾನುವಾರ ಬೆಳಗ್ಗೆ ನಾನು ತಲುಪುವ ಹೊತ್ತಿಗೆ ಡಾಕ್ಟರ ಕಾರು ಗೌಡರ ಮನೆ ಮುಂದೆ ನಿಂತಿತ್ತು. ಬಿಳಿ ಶರ್ಟು ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು. ಗೌಡರ ಹೆಂಡತಿ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದು, "ತಗಳಣ್ಣ, ಬಿಸ್ಲಲ್ ಬಂದಿದ್ದೀಯ" ಎಂದರು. ಗೌಡರು ಮಾತ್ರ ನನ್ನ ಟೂಲ್ ಬ್ಯಾಗನ್ನೇ ನೋಡುತ್ತಿದ್ದರು.

ನಡುಮನೆ ಎತ್ತರವಾದದ್ದು, ನೆಲಕ್ಕೆ ಟೈಲ್ಸು ಹಾಕಿಸಿದ್ದರು. ಒಂದು ತುದಿಯಲ್ಲಿ ಸ್ಪೀಕರುಗಳು, ಇನ್ನೊಂದು ತುದಿಯ ಗೋಡೆಗೆ ಬೆನ್ನು ಮಾಡಿ ಗೌಡರ ಕುರ್ಚಿ. ಅವರು ತಮಗೆ ಬಾಯಿಪಾಠವಾಗಿದ್ದ ರೆಕಾರ್ಡು ಹಾಕಿದರು. ನಾನು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದೆ.

ಗೌಡರು ಹೇಳಿದ್ದು ನಿಜ. ಹಾಡುವವರಿಗೆ ಕೂರಲು ಜಾಗವೇ ಇರಲಿಲ್ಲ. ದನಿ ಎಡಕ್ಕೂ ಬಲಕ್ಕೂ ತಲೆಯ ಹಿಂದಕ್ಕೂ ಓಡಾಡುತ್ತಿತ್ತು, ಒಂದೊಂದು ಅಕ್ಷರಕ್ಕೂ ಬಾಲ ಬೆಳೆದಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನನ್ನ ಮೇಜಿನ ಮೇಲೆ ಇದೇ ಸೆಟ್ಟು ಹೀಗಿರಲಿಲ್ಲ. ನಾನೇ ಏನಾದರೂ ತಪ್ಪು ಮಾಡಿದೆನೇ?

ಮೊದಲು ಸ್ಪೀಕರಿನ ವೈರು ನೋಡಿದೆ. ಎರಡರಲ್ಲಿ ಒಂದಕ್ಕೆ ಪ್ಲಸ್ಸು ಮೈನಸ್ಸು ಅದಲುಬದಲಾಗಿದ್ದರೆ ದನಿ ಹೀಗೆ ದಿಕ್ಕು ತಪ್ಪುತ್ತದೆ. ಟಾರ್ಚಿನ ಸೆಲ್ಲು ತೆಗೆದು ವೈರಿನ ತುದಿಗೆ ಮುಟ್ಟಿಸಿದೆ. ಎಡಗಡೆ ಸ್ಪೀಕರಿನ ಕಾಗದದ ಕೋನು ಮುಂದಕ್ಕೆ ಬಂತು. ಬಲಗಡೆಯದೂ ಮುಂದಕ್ಕೇ ಬಂತು. ಅಲ್ಲಿ ತಪ್ಪಿರಲಿಲ್ಲ. ವೈರು ಮಾತ್ರ ಹೆಬ್ಬೆರಳಿನ ದಪ್ಪ, ಮೇಲೆ ಹೆಣೆದ ಬಟ್ಟೆ, ಇನ್ನೂ ಹೊಸ ವಾಸನೆ ಹೋಗಿರಲಿಲ್ಲ.

"ವೈರು ಹೊಸದಾ ಗೌಡ್ರೇ?"

"ಹಳೇದೇ, ಹಳೇದೇ" ಎಂದರು. ಕೇಳಿ ಮುಗಿಸುವ ಮುಂಚೆಯೇ ಬಂದ ಉತ್ತರ. ಅಡುಗೆಮನೆ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಡಾಕ್ಟರು ಕಾರಿನಿಂದ ತಮ್ಮ ಆಂಪ್ಲಿಫೈಯರ್ ತಂದು ತಾವೇ ಜೋಡಿಸಿದರು. ನಾನು ಹತ್ತಿರ ಇರಬಾರದೆಂದು ಗೌಡರು ನನ್ನನ್ನು ಜಗಲಿಗೆ ಕಳಿಸಿದರು. ಹೋಗಿ ಕಿಟಕಿಯ ಹತ್ತಿರ ನಿಂತೆ. ಅದೇ ರೆಕಾರ್ಡು ಶುರುವಾಯಿತು, ಅದೇ ಬಾವಿ, ಅದೇ ಡಂಗುಡಂಗು. ತಪ್ಪು ನನ್ನ ಕೈಯದಲ್ಲ.

ಗೌಡರು ಹೊರಗೆ ಬಂದರು. ಮುಖ ಇನ್ನೂ ಗೊಂದಲ. "ಅಂಗೇ ಅದೆ" ಎಂದರು. ತಕ್ಷಣ ಡಾಕ್ಟರ ಕಡೆ ತಿರುಗಿ, "ನಿಮ್ ಡಬ್ಬಾನೂ ಇವ್ರತ್ರ ರಿಪೇರಿಗೆ ಕೊಟ್ಟಿದ್ರಾ?"

"ಇಲ್ಲ ಗೌಡ್ರೇ. ಇದು ಇವತ್ತೇ ಮೊದಲು ನನ್ನ ಮನೆ ಬಿಟ್ಟು ಹೊರಗೆ ಬಂದಿರೋದು. ಅಲ್ಲಿ ಹೀಗೆ ಕೇಳ್ಸಲ್ಲ" ಎಂದರು ಡಾಕ್ಟರು. ಆಮೇಲೆ, "ನಾನು ಮೊದಲೇ ಹೇಳಿದ್ದೆ. ಸಾಕ್ಷಿ ಇಲ್ಲದೆ ಒಬ್ಬರ ಕಸುಬಿನ ಮೇಲೆ ಮಾತು ಹಾಕ್ಬೇಡಿ ಅಂತ. ಗುಂಪಿನಲ್ಲೂ ಬರೆದೆ, ಯಾರೂ ಲೆಕ್ಕಕ್ಕೆ ತಗೊಳ್ಲಿಲ್ಲ" ಎಂದರು.

ನಾನು ತಲೆ ತಗ್ಗಿಸಿದೆ. ಇಡೀ ಗುಂಪಿನಲ್ಲಿ ನನ್ನ ಪರ ಮಾತಾಡಿದ ಒಬ್ಬರೇ ಒಬ್ಬರನ್ನು ನಾನು ಕಳ್ಳನೆಂದು ತೀರ್ಮಾನಿಸಿ ಕೂತಿದ್ದೆ.

ಆಂಪ್ಲಿಫೈಯರ್ ಅಲ್ಲ, ವೈರಿನ ಜೋಡಣೆ ಅಲ್ಲ, ಸ್ಪೀಕರುಗಳು ಮನೆ ಬಿಟ್ಟು ಹೋಗಿಯೇ ಇಲ್ಲ. ಆದರೂ ದನಿ ಬದಲಾಗಿದೆ. ದನಿಯ ಹುಚ್ಚಿನವರನ್ನು ನೋಡಿ ನಾನು ಬಹಳ ನಕ್ಕಿದ್ದೇನೆ. ಅವತ್ತು ಆ ನಡುಮನೆಯಲ್ಲಿ ನಿಂತು ನನಗೆ ಅನ್ನಿಸಿದ್ದು ಇಷ್ಟು: ನಿಜವಾದ ಕೇಳುಗ ತನ್ನ ಕಿವಿಗೆ ಬಿದ್ದದ್ದನ್ನು ನಂಬಬೇಕು, ಅದಕ್ಕೆ ತನ್ನ ತಲೆ ಕೊಡುವ ಕಾರಣವನ್ನು ಮಾತ್ರ ಸುಲಭಕ್ಕೆ ನಂಬಬಾರದು. ಗೌಡರು ಮೊದಲನೆಯದರಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ, ಎರಡನೆಯದರಲ್ಲಿ ನನ್ನಷ್ಟೇ ದುರ್ಬಲ.

ನಾನು ನಡುಮನೆಯ ಮಧ್ಯ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿದೆ. ಅದು ನಾಲ್ಕು ಗೋಡೆಗೂ ಬಡಿದು ಚಟಚಟ ಎಂದು ಹಿಂದಕ್ಕೆ ಬಂತು.

ಅಡುಗೆಮನೆಯಿಂದ ಗೌಡರ ಹೆಂಡತಿ ಇಣುಕಿದರು. "ಈಗೀಗ ಇಂಗೇ ಕಣಣ್ಣ. ಒಂದ್ ಚಮಚ ಬಿದ್ರೂ ಮನೆಯೆಲ್ಲಾ ಗೊಣಗ್ತದೆ. ರಾಗಿ ಮೂಟೆ ಇದ್ದಾಗ ಇಂಗಿರ್ನಿಲ್ಲ."

ಕುರ್ಚಿಯ ಹಿಂದಿನ ಗೋಡೆ ನೋಡಿದೆ. ಎದೆಮಟ್ಟದವರೆಗೆ ಸುಣ್ಣ ಹೊಸದರಂತೆ ಬೆಳ್ಳಗಿತ್ತು, ಅದರ ಮೇಲೆ ಮಾಸಿತ್ತು. ಗೋಡೆಯ ಬುಡದ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ರಾಗಿ ಕಾಳು. ಗೋಡೆಯ ಉದ್ದಕ್ಕೂ ಮೂಟೆಗಳ ಸಾಲು ನಿಂತಿದ್ದ ಜಾಗ ಅದು.

"ಮೂಟೆ ಯಾವಾಗ ಓದ್ವು ಗೌಡ್ರೇ?"

"ಯಾವಾಗ್ಲೋ. ಇಲಿ ಕಾಟ ಜಾಸ್ತಿ ಆಗಿತ್ತು, ಸಾಗಿಸ್ಬುಟ್ಟೆ. ಅದ್ಕೂ ಇದ್ಕೂ ಏನ್ಲಾ ಸಂಬಂಧ?"

"ಯಾವಾಗ್ಲೋ ಏನು" ಎಂದರು ಹೆಂಡತಿ. "ಇದು ರಿಪೇರಿಗೋಗಿದ್ ವಾರ್ದಲ್ಲೇ ತಾನೆ ಸಂತೆಬಾಚಳ್ಳಿಗೆ ಏರ್ಕಂಡ್ ಓಗಿದ್ದು."

ನಾನು ಗೌಡರನ್ನು ಏನೂ ಕೇಳಲಿಲ್ಲ. ಸೀದಾ ಕೊಟ್ಟಿಗೆಗೆ ಹೋದೆ. ಅಲ್ಲಿ ಹಸುಗಳಿಗೆ ತಂದಿದ್ದ ಬೂಸಾ ಮೂಟೆಗಳಿದ್ದವು. ಒಂದನ್ನು ಬೆನ್ನ ಮೇಲೆ ಹಾಕಿಕೊಂಡು ಬಂದು ಆ ಗೋಡೆಗೆ ಒರಗಿಸಿದೆ. ಡಾಕ್ಟರಿಗೆ ಕೂಡಲೇ ಅರ್ಥವಾಯಿತು. ಶರ್ಟಿನ ತೋಳು ಮಡಚಿಕೊಂಡು ಕೊಟ್ಟಿಗೆಗೆ ಓಡಿದರು. ಬಿಳಿ ಶರ್ಟಿಗೆ ಬೂಸಾ ಬಣ್ಣದ ತ್ಯಾಪೆ ಹಾಕಿದಂತಾಯಿತು. ಮೊದಮೊದಲು ನಿಂತು ನೋಡುತ್ತಿದ್ದ ಗೌಡರು ಕೊನೆಕೊನೆಗೆ ತಾವೂ ಕೈ ಹಾಕಿದರು. ಸಾಲದೆ ಬಂದದ್ದಕ್ಕೆ ಒಳಗಿನಿಂದ ಹಾಸಿಗೆ ತಂದು ಮೇಲೆ ಒಟ್ಟಿದೆವು. ಡಾಕ್ಟರ ಆಂಪ್ಲಿಫೈಯರ್ ತೆಗೆದು ಗೌಡರದ್ದನ್ನೇ ಮತ್ತೆ ಜೋಡಿಸಿದೆವು.

ಗೌಡರು ಕೂತರು. ಕಣ್ಣು ಮುಚ್ಚಿದರು. ಸೂಜಿ ಇಳಿಯಿತು.

ಮೊದಲ ಆಲಾಪ ಮುಗಿಯುವ ಮುಂಚೆಯೇ ಅವರು ಕೈ ಮುಂದಕ್ಕೆ ಚಾಚಿದರು. "ಬಂದ್ರು" ಎಂದರು ಮೆಲ್ಲಗೆ. "ಬಂದ್ರು ಕಣಪ್ಪಾ. ಎದ್ರುಗೇ ಕುಂತವ್ರೆ."

ಹಾಡು ಮುಗಿದ ಮೇಲೆ ವಿವರಿಸಿದೆ. ಬರೀ ಗೋಡೆ ದನಿಯನ್ನು ಹಿಂದಕ್ಕೆ ಎಸೆಯುತ್ತದೆ, ಸ್ಪೀಕರಿನಿಂದ ಬರುವ ದನಿಯೂ ಗೋಡೆಯಿಂದ ಬರುವ ದನಿಯೂ ಕಲೆಸಿಹೋಗುತ್ತವೆ. ಮೂಟೆಗಳು ಅದನ್ನು ಹೀರಿಕೊಳ್ಳುತ್ತಿದ್ದವು. ರಾಗಿ ಹೋದದ್ದೂ ಸೆಟ್ಟು ರಿಪೇರಿಯಾದದ್ದೂ ಒಂದೇ ವಾರವಾದ್ದರಿಂದ ತಪ್ಪು ನನ್ನ ತಲೆಗೆ ಬಂತು.

ಡಾಕ್ಟರು ಉತ್ಸಾಹದಲ್ಲಿ, "ಅದಕ್ಕೇ ಗೌಡ್ರೇ, ನಾನು ತರಿಸಿಕೊಟ್ಟ ವೈರಿನ ಗುಣ ನಿಮಗೆ ಗೊತ್ತೇ ಆಗ್ಲಿಲ್ಲ! ಅದೂ ಅದೇ ವಾರ ತಾನೇ ಬಂದಿದ್ದು?" ಎಂದುಬಿಟ್ಟರು.

"ಯಾವ ವೈರು?" ಎಂದರು ಗೌಡರ ಹೆಂಡತಿ.

ಅವರು ನೆಲದ ಮೇಲೆ ಬಿದ್ದಿದ್ದ ಹೆಬ್ಬೆರಳು ದಪ್ಪದ ವೈರು ನೋಡಿದರು, ಗೋಡೆ ನೋಡಿದರು, ಗಂಡನ ಮುಖ ನೋಡಿದರು. "ಮನೆ ಮಂದಿ ತಿನ್ನಕ್ಕೆ ಮಡಗಿದ್ ರಾಗಿ ಕಣಣ್ಣ ಅದು" ಎಂದು ನನಗೆ ಹೇಳಿದರು. "ಈಗ ಅಂಗ್ಡಿ ರಾಗಿ ತಂದು ಬೀಸುಸ್ತಾ ಇವ್ನಿ. ಇಲಿ ಅಂದ್ರು, ನಾನೂ ನಂಬ್ದೆ."

ಗೌಡರು ಆ ಮಾತು ಕೇಳಿಸಲೇ ಇಲ್ಲವೆಂಬಂತೆ ನನ್ನ ಕಡೆ ತಿರುಗಿದರು. ಮತ್ತೆ ಬಹುವಚನ ಬಂದಿತ್ತು. "ಸಾಬ್ರೇ, ಆ ಮೆಸೇಜು ಅಳಿಸ್ಬುಡ್ತೀನಿ. ಇಲ್ಲಿಗ್ ಮುಗುದೋಗ್ಲಿ."

ಅಳಿಸಿಬಿಡುವುದು ಅವರಿಗೆ ಎಷ್ಟು ಸಲೀಸು ಎಂದು ನನಗೆ ಗೊತ್ತಿತ್ತು. ಗುಂಪಿಗೆ ಕಾರಣ ಹೇಳಬೇಕಿಲ್ಲ, ಹೆಂಡತಿಯ ಮುಂದೆ ಬಾಯಿ ಬಿಡಬೇಕಿಲ್ಲ. ಅವರ ಮೇಲೆ ಕನಿಕರ ಬಂತು. ಅದಕ್ಕಿಂತ ಜಾಸ್ತಿ ಸಿಟ್ಟು ಇತ್ತು.

"ಅಳಿಸಿದ್ರೆ ಫೋನಿಂದ ಓಯ್ತದೆ ಗೌಡ್ರೇ. ಕೇಳ್ದೋರ ಕಿವೀಲಿ ಅಂಗೇ ಇರ್ತದೆ. ನನ್ನ ಶೆಲ್ಫ್ ಖಾಲಿ ಆಗಿದೆ. ಮೊದಲ್ನೇ ಮಾತು ನಿಮ್ ದನೀಲೇ ಓಗಿತ್ತು, ಎರಡನೇದೂ ನಿಮ್ ದನೀಲೇ ಓಗ್ಬೇಕು."

"ನಾನೇ ಬರೀತೀನಿ ಬಿಡಿ, ಏನೋ ತಪ್ಪು ತಿಳುವಳಿಕೆ ಆಗಿತ್ತು ಅಂತ" ಎಂದರು ಡಾಕ್ಟರು.

"ಬ್ಯಾಡ ಸಾರ್" ಎಂದೆ.

ಗೌಡರು ಫೋನ್ ಕೈಗೆ ತೆಗೆದುಕೊಂಡರು, ಮತ್ತೆ ತೊಡೆಯ ಮೇಲಿಟ್ಟರು. ಹೆಂಡತಿ ಕದಲದೆ ಅಲ್ಲೇ ನಿಂತಿದ್ದರು. ಕೊನೆಗೆ ಒತ್ತಿ ಹಿಡಿದು ಮಾತಾಡಿದರು.

"ಪಾಂಡವಪುರದ ಸಾಬ್ರ ಮೇಲೆ ನಾನು ಮಾತಾಕಿದ್ದೆ. ಅವ್ರು ನನ್ನ ಮಾಲು ಮುಟ್ಟಿಲ್ಲ. ಬದ್ಲಾಗಿದ್ದು ಮಿಷಿನ್ನಲ್ಲ, ನಮ್ ಮನೆ. ಗೋಡೆಗೆ ಮಡಗಿದ್ದ ರಾಗಿ ಮಾರಿ ನಾನು ವೈರ್ ತಗಂಡೆ. ರಾಗಿ ಓದದ್ದಕ್ಕೆ ದನಿ ಓಯ್ತು. ಮನೇಲಿ ಇಲಿ ಅಂತ ಸುಳ್ ಏಳಿದ್ದೆ. ನಗೋರು ನಗ್ರಪ್ಪಾ. ರಿಪೇರಿ ಇದ್ರೆ ಅವ್ರತ್ರಾನೇ ಕೊಡಿ."

ಮಾತು ಮುಗಿಸಿ ಬೆರಳು ಎತ್ತದೆ ಹೆಂಡತಿಯ ಕಡೆ ನೋಡಿದರು.

"ಕಳ್ಸಿ ಮದ್ಲು" ಎಂದರು ಆಕೆ. "ವೈರಿನ್ ಮಾತು ಆಮೇಲದೆ."

ಡಾಕ್ಟರ ಜೇಬಿನಲ್ಲಿ ಫೋನ್ ಟಿಣ್ ಎಂದಿತು. ಅವರು ಅದನ್ನು ತೆಗೆದು, ನಾವೆಲ್ಲ ಈಗತಾನೇ ಕಿವಿಯಾರೆ ಕೇಳಿದ್ದ ಮಾತನ್ನು ಜೋರಾಗಿ ಹಾಕಿದರು. ಗೌಡರ ದನಿ ಆ ನಡುಮನೆಯಲ್ಲಿ ಎಲ್ಲೂ ಚೆದುರದೆ, ಅಕ್ಷರ ಅಕ್ಷರವೂ ಬಿಡಿಸಿ ಕೇಳಿಸಿತು.

"ಇನ್ನೊಂದ್ಸಲ ಹಾಕಿ ಸಾರ್" ಎಂದೆ.